ಅಂಗಿಯ ಆರನೆಯ ಗುಂಡಿ

ಇಂದು ಮಧ್ಯಾಹ್ನ ನನ್ನ ಊಟದ ತಾಟಿನಲ್ಲಿ ಅಂಗಿಯ ಗುಂಡಿಯೊಂದು ಸಿಕ್ಕಿತು. ಬೆಂದ ಗುಂಡಿ. ಅಕ್ಕಿಯ ಜೊತೆಗೆ ಕುಕ್ಕರಿನಲ್ಲಿ ಮೂರು ಸೀಟಿ ಕೇಳಿಸಿಕೊಂಡು, ಬೇಳೆಸಾರಿನಲ್ಲಿ ಮಿಂದು, ಬೆಳ್ಳಗೆ ದುಂಡಗೆ ಕುಳಿತಿತ್ತು.

ಬೇರೆಯವರಾಗಿದ್ದರೆ ತಾಟು ಸರಿಸಿ ಎದ್ದುಹೋಗುತ್ತಿದ್ದರು. ಅಡಿಗೆ ಮಾಡಿದವರ ತವರುಮನೆಯನ್ನು ನೆನೆಯುತ್ತಿದ್ದರು. ನಾನು ಮಾತ್ರ “ಸಿಕ್ತು! ಸಿಕ್ತು!” ಎಂದು ಅರವತ್ತಾರು ವರ್ಷದ ಮನುಷ್ಯನಿಗೆ ಒಪ್ಪದ ದನಿಯಲ್ಲಿ ಕೂಗಿಬಿಟ್ಟೆ. ಹೆಂಡತಿ ನೀಲಮ್ಮ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಓಡಿಬಂದಳು. ಅವಳ ಹಿಂದೆ ಸೊಸೆ ಸುಮಾ. ಈಚೆಗೆ ನಮ್ಮ ಮನೆಯಲ್ಲಿ ನಾನು ತುಸು ದನಿ ಏರಿಸಿದರೂ ಎಲ್ಲರ ಕಣ್ಣು ಮೊದಲು ನನ್ನ ಬಾಯಿಯ ಮೇಲೆ ಹೋಗುತ್ತದೆ, ಅದು ನೆಟ್ಟಗಿದೆಯೋ ಸೊಟ್ಟಗಾಗಿದೆಯೋ ಎಂದು. ನೆಟ್ಟಗಿತ್ತು. ನಗುತ್ತಲೂ ಇತ್ತು.

“ಏನ್ ಸಿಕ್ತ್ರಿ?”

“ಆರನೇದು!”

ನೀಲಮ್ಮ ತಾಟಿನ ಮೇಲೆ ಬಗ್ಗಿ ನೋಡಿದಳು. “ಅಯ್ಯ ಶಿವನ! ಡಬರಿ ಅಕ್ಕ್ಯಾಗಿಂದು!” ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು. “ತಪ್ಪಾತ್ರಿ ಮಾವಾರ, ಎರಡು ಸಲ ಆರಿಸೀನ್ರಿ ಅಕ್ಕಿ,” ಎಂದು ಸುಮಾ ಅಳುವ ಮುಖ ಮಾಡಿದಳು. ನಾನು ಆಕೆಗೆ ಬಹುಮಾನ ಕೊಡುವ ವಿಚಾರದಲ್ಲಿದ್ದೆ.

ನಿಮಗೆ ಇದರಲ್ಲಿ ಒಂದೂ ತಿಳಿಯಲಿಲ್ಲವೆಂದು ಬಲ್ಲೆ. ಒಂದು ಗುಂಡಿ, ಒಂದು ಡಬರಿ (ಅಗಲ ಬಾಯಿಯ ಪಾತ್ರೆ) ಅಕ್ಕಿ, ನನ್ನ ಬಲಗೈ, ಈ ಮೂವರ ನಂಟು ತಿಳಿಯಬೇಕಾದರೆ ಮೊದಲು ಬಲಗೈಯ ಪೂರ್ವಚರಿತ್ರೆಯನ್ನು ಹೇಳಬೇಕು. ಮಹಾಪುರುಷರ ಚರಿತ್ರೆ ಬರೆಯುವವರಿದ್ದಾರೆ; ಮಹಾಹಸ್ತದ ಚರಿತ್ರೆಯನ್ನು ಅದರ ಯಜಮಾನನೇ ಬರೆದುಕೊಳ್ಳಬೇಕು.

ಸಿಂಧನೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ನಮ್ಮದೊಂದು ಅಡತಿ ಅಂಗಡಿ. ವಳಕಮದಿನ್ನಿ, ಮುಕ್ಕುಂದ, ಗೊರೇಬಾಳದ ಕಡೆಯಿಂದ ರೈತರು ಭತ್ತ ತರುತ್ತಾರೆ, ರೈಸ್ ಮಿಲ್ಲಿನವರು ಕೊಳ್ಳುತ್ತಾರೆ, ನಡುವೆ ನಾವು ನಿಲ್ಲುತ್ತೇವೆ. ಭತ್ತ ಒಣಗಿದೆಯೋ ಹಸಿಯಿದೆಯೋ ಎಂಬುದು ಎಲ್ಲ ಜಗಳಗಳ ತಾಯಿಬೇರು. ಕೆಲವರು ಕಾಳು ಕಡಿದು ನೋಡುತ್ತಾರೆ. ಅದು ಹಲ್ಲಿನ ಕೆಲಸ, ಕಲಿತವರ ಕೆಲಸವಲ್ಲ. ನಾನು ಚೀಲದ ಬಾಯಿ ಬಿಚ್ಚಿಸಿ ಮೊಣಕೈವರೆಗೆ ಬಲಗೈ ಇಳಿಸುತ್ತಿದ್ದೆ. ಕಣ್ಣು ಮುಚ್ಚುತ್ತಿದ್ದೆ. ಒಳಗಿನಿಂದ ಒಂದು ಹಿಡಿ ತಂದು ಹೆಬ್ಬೆರಳಿನಿಂದ ಅಂಗೈ ಮೇಲೆ ತಿಕ್ಕಿ, ನಾಡಿ ಹಿಡಿದ ಹಕೀಮನ ಹಾಗೆ ತುಸು ಹೊತ್ತು ಸುಮ್ಮನಿರುತ್ತಿದ್ದೆ. ಆ ಮೌನದ ಅಗತ್ಯವೇನೂ ಇರಲಿಲ್ಲ, ಗಾಂಭೀರ್ಯಕ್ಕೆಂದು ಇಟ್ಟುಕೊಂಡಿದ್ದೆ. ಆಮೇಲೆ ತೀರ್ಪು: “ಇನ್ನೊಂದು ಬಿಸಿಲು ಬೇಕು.” ಮೇಲ್ಮನವಿ ಇಲ್ಲ. ತೇವ ಅಳೆಯುವ ಮೀಟರು ಬಂದ ಮೇಲೂ ನನ್ನ ಪೀಠ ಅಲುಗಲಿಲ್ಲ. ಮೀಟರಿಗೂ ನನಗೂ ಭಿನ್ನಾಭಿಪ್ರಾಯ ಬಂದರೆ ಜನ ಮೀಟರಿನ ಸೆಲ್ ಬದಲಿಸುತ್ತಿದ್ದರು.

ಈ ವಿದ್ಯೆಗೆ ಗುರು ಯಾರೆಂದರೆ, ಬೆಲ್ಲ. ನಾವು ಚಿಕ್ಕವರಿದ್ದಾಗ ನಮ್ಮವ್ವ ಬೆಲ್ಲದ ಹೆಂಟೆಗಳನ್ನು ಬಟ್ಟೆಯಲ್ಲಿ ಕಟ್ಟಿ ಜೋಳದ ದೊಡ್ಡ ಗಡಿಗೆಯ ತಳದಲ್ಲಿ ಹೂತಿಡುತ್ತಿದ್ದಳು. ನಾನೂ ನನ್ನಕ್ಕ ಗೌರಕ್ಕನೂ ಮಧ್ಯಾಹ್ನ ಅವ್ವ ಅಡ್ಡಾದಾಗ ಗಡಿಗೆಯಲ್ಲಿ ಕೈ ಇಳಿಸುತ್ತಿದ್ದೆವು. ಗೌರಕ್ಕ ಇದರಲ್ಲಿ ಉಸ್ತಾದಿ. ಒಂದೇ ಮುಳುಗಿಗೆ ಬೆಲ್ಲದೊಡನೆ ಮೇಲೆ ಬರುತ್ತಿದ್ದಳು. ನನಗೆ ಬರುತ್ತಿದ್ದದ್ದು ಜೋಳ, ಅದರ ಜೊತೆಗೆ ಸುಂಕು, ಅಂದರೆ ಕಾಳಿನ ಮೇಲಿನ ಧೂಳು. ಅದು ಹತ್ತಿದರೆ ಮೊಣಕೈವರೆಗೆ ಬೆಂಕಿಯಂಥ ತುರಿಕೆ. ಸಂಜೆ ಅವ್ವ ಯಾರ ಬಾಯಿಯನ್ನೂ ಮೂಸಿ ನೋಡುತ್ತಿರಲಿಲ್ಲ. ಯಾರು ತುರಿಸಿಕೊಳ್ಳುತ್ತಾರೆಂದು ನೋಡುತ್ತಿದ್ದಳು. ಬೆಲ್ಲ ತಿಂದವಳು ಅಕ್ಕ, ತುರಿಸಿಕೊಂಡವನು ನಾನು. ನ್ಯಾಯವೆಂಬುದರ ಬಗ್ಗೆ ನನ್ನ ಮೊದಲ ಅನುಮಾನಗಳು ಅಲ್ಲಿಯೇ ಹುಟ್ಟಿದವು. ಆದರೆ ಕೈ ಮಾತ್ರ ಕಲಿಯಿತು.

ಅಂಥ ಕೈ ಹೋದ ವರ್ಷ ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ನೌಕರಿ ಬಿಟ್ಟಿತು.

ಲಿಂಗಸುಗೂರಿನಲ್ಲಿರುವ ಗೌರಕ್ಕನ ಮನೆಗೆ ಹೊರಟಿದ್ದೆ. ಬಸ್ಸು ಮಸ್ಕಿಯಲ್ಲಿ ನಿಂತಿತು, ನಾನು ಮಿರ್ಚಿ ಬಜ್ಜಿ ತಿನ್ನಲು ಇಳಿದೆ. ಮಿರ್ಚಿ ಆಯಿತು, ಚಹಾ ತೆಗೆದುಕೊಂಡೆ, ಗ್ಲಾಸು ಕೈಯಿಂದ ಜಾರಿ ಬಿತ್ತು. ಗ್ಲಾಸಿಗೆ ಎಣ್ಣೆ ಹತ್ತಿದೆಯೆಂದು ಅಂಗಡಿಯವನನ್ನು ಬೈದೆ. ಬೈಗುಳ ಹೊರಟಿತು, ಆದರೆ ನನ್ನದಲ್ಲದ ಭಾಷೆಯಲ್ಲಿ. ಅಂಗಡಿಯವ ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ನನ್ನ ಮುಖ ನೋಡಿದ.

“ಯಜಮಾನ್ರ, ಬಾಯಿ ಯಾಕ ಸೊಟ್ಟ ಮಾಡ್ತೀರಿ?”

ಇದು ನನಗೆ ಅವಮಾನವೆನಿಸಿತು. ತಪ್ಪು ಅವನದು, ಮೇಲೆ ನನ್ನ ಮುಖದ ವಿಮರ್ಶೆ ಬೇರೆ. ವಿವರವಾಗಿ ಉತ್ತರ ಕೊಡಲು ಎದ್ದೆ, ಬಲಗಾಲು ಏಳಲಿಲ್ಲ. “ಲಕ್ವಾ ಹೊಡದೈತಿ, ಆಟೋ ಕರೀರ್ಲೇ!” ಎಂದು ಅವನು ಕೂಗಿದ್ದು ಕೇಳಿಸಿತು. ಯಾರಿಗೋ ಹೊಡೆದಿದೆ ಪಾಪ, ಎಂದುಕೊಂಡೆ. ಮಸ್ಕಿಯ ಬಂಡೆಯ ಮೇಲೆ ಎರಡು ಸಾವಿರ ವರ್ಷದ ಹಿಂದೆ ಕೊರೆದ ಅಕ್ಷರ ಇನ್ನೂ ಅಳಿಸಿಲ್ಲ. ಅದೇ ಊರಿನಲ್ಲಿ, ಒಂದು ಚಹಾ ಆರುವಷ್ಟರಲ್ಲಿ, ನನ್ನ ಬಲಗೈ ಕಲಿತದ್ದೆಲ್ಲ ಅಳಿಸಿಹೋಯಿತು. ಆ ಮಿರ್ಚಿಯವ ತಡಮಾಡದೆ ಆಸ್ಪತ್ರೆಗೆ ಕಳಿಸಿದ್ದರಿಂದ ನಾನು ಈ ಪ್ರಬಂಧ ಬರೆಯುತ್ತಿದ್ದೇನೆ. ಅವನನ್ನು ಬೈದದ್ದಕ್ಕೆ ಕ್ಷಮೆ ಕೇಳಿದ್ದೇನೆ. ಗ್ಲಾಸಿಗೆ ಎಣ್ಣೆ ಹತ್ತಿದ್ದು ಮಾತ್ರ ನಿಜ.

ಮನೆಗೆ ಬಂದ ಮೇಲೆ ಪ್ರೀತಿಯ ಆಳ್ವಿಕೆ ಶುರುವಾಯಿತು. ನಮ್ಮ ಕಡೆ ಮನೆಯ ಹಿರಿಯನಿಗೆ ಜಡ್ಡು ಬಂದರೆ ಅವನು ನೀರಿನ ತಂಬಿಗೆಯನ್ನೂ ಎತ್ತಬಾರದು. ಎತ್ತಿದ್ದನ್ನು ನೆರೆಯವರು ಕಂಡರೆ ಮನೆಮಂದಿಯ ಮಾನ ಹೋಯಿತು. ಹೀಗಾಗಿ ನೀಲಮ್ಮ ತುತ್ತು ಮಾಡಿ ಉಣಿಸಿದಳು. ಮಗ ವೀರೇಶ ಅಂಗಡಿಗೆ ಹೋಗುವ ಮೊದಲು ನನಗೆ ಕ್ಷೌರ ಮಾಡಿದ. ಸುಮಾ ಹೊಲಿಗೆ ಬಲ್ಲವಳು. ನಾನು ಗುಂಡಿ ಹಾಕಲು ಒದ್ದಾಡಬಾರದೆಂದು ನನ್ನ ಅಂಗಿಗಳ ಗುಂಡಿಗಳನ್ನೆಲ್ಲ ಕತ್ತರಿಸಿ ಟಿಚ್‌ಬಟನ್ ಹಚ್ಚಿಬಿಟ್ಟಳು. ಒತ್ತಿದರೆ ಟಿಚ್, ಮುಗಿಯಿತು. ಅದನ್ನೂ ನೀಲಮ್ಮನೇ ಒತ್ತುತ್ತಿದ್ದಳು. ನಾನು ಯಾವುದಕ್ಕೆ ಕೈ ಚಾಚಿದರೂ ಮನೆಯ ನಾಲ್ಕು ಮೂಲೆಯಿಂದ ಒಂದೇ ಮಂತ್ರ: “ನೀವು ಸುಮ್ಮ ಕೂಡ್ರಿ.” ನಾನು ಸುಮ್ಮನೆ ಕೂತೆ. ನನಗಿಂತ ಸುಮ್ಮನೆ ಬಲಗೈ ಕೂತಿತು. ಅದಕ್ಕೆ ಆ ಬದುಕು ಹಿಡಿಸಿತ್ತೆಂದು ಕಾಣುತ್ತದೆ.

ಇದರ ನಡುವೆ ಬಂದವಳು ಶಬಾನಾ. ಮಸ್ಕಿಯ ಹುಡುಗಿ, ಫಿಜಿಯೋಥೆರಪಿ ಓದಿದವಳು. ವಾರಕ್ಕೆರಡು ಸಲ ಸ್ಕೂಟಿಯ ಮೇಲೆ ಬರುತ್ತಿದ್ದಳು. ತಿಂಗಳುಗಟ್ಟಲೆ ಎತ್ತು, ಮಡಚು, ಚಾಚು, ಹಿಡಿ ಎಂದು ದುಡಿಸಿ ಕೈಗೆ ಚಲನೆ ತಂದಳು. ಕೋಲೂರಿ, ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಆದರೆ ಕೈಗೆ ಸ್ಪರ್ಶ ಬರಲಿಲ್ಲ. ಬೆರಳು ಮುಟ್ಟುತ್ತಿತ್ತು, ಏನನ್ನು ಮುಟ್ಟಿತೆಂದು ನನಗೆ ಹೇಳುತ್ತಿರಲಿಲ್ಲ. ಕಿಸೆಯಲ್ಲಿ ಕೈ ಹಾಕಿದರೆ ಅದು ಕಿಸೆಯೋ ಸಂಚಿಯೋ ತಿಳಿಯದು. ಇದನ್ನು ಗಂಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಸ್ಪರ್ಶವಿಲ್ಲದ ಕೈ ಇಟ್ಟುಕೊಂಡು ಗಂಜಿಗೆ ಹೋಗುವುದೆಂದರೆ ತಕ್ಕಡಿಯಿಲ್ಲದೆ ಅಂಗಡಿ ಇಟ್ಟ ಹಾಗೆ. ಇನ್ನು ಮುಂದೆ ನನ್ನ ಮಾತಿಗೆ ತೂಕವಿದೆಯೋ ಇಲ್ಲವೋ ಎಂಬ ಒಂದೇ ಚಿಂತೆ ನನ್ನನ್ನು ಕೊರೆಯುತ್ತಿತ್ತು.

ಒಂದು ದಿನ ಶಬಾನಾ ಹೇಳಿದಳು: “ಕಾಕಿ, ಒಂದು ಅಗಲನ ಡಬರಿ ತುಂಬ ಅಕ್ಕಿ ತರ್ರಿ. ಅದರಾಗ ಸಣ್ಣ ಸಣ್ಣ ಸಾಮಾನು ಮುಚ್ಚಿಡ್ರಿ. ಕಾಕಾ ಕಣ್ಣು ಮುಚ್ಚಿ ಬಲಗೈಲೆ ಹುಡುಕಬೇಕು. ಬೆರಳಿಗೆ ಮತ್ತ ನೆನಪು ಬರತೈತಿ.”

ನಾನು ಬೆಚ್ಚಿಬಿದ್ದೆ. ಅರವತ್ತು ವರ್ಷದ ಹಿಂದಿನ ಜೋಳದ ಗಡಿಗೆ ಪದವಿ ಪಡೆದು ಔಷಧವಾಗಿ ಬಂದಿತ್ತು! ನೀಲಮ್ಮ ಬೆಚ್ಚಿದ್ದು ಬೇರೆ ಕಾರಣಕ್ಕೆ.

“ಅಕ್ಕ್ಯಾಗ ಆಟ ಆಡೂದೇನ್ ಬೇ? ಉಣ್ಣೂ ಅನ್ನ ಅದು!”

“ಆಟ ಅಲ್ಲ ಕಾಕಿ, ದವಾ.”

“ದವಾ ಆದ್ರೂ ಚೆಲ್ಲಾಕ ನಾ ಒಲ್ಲೆ. ವಾರಾ ಆದಮ್ಯಾಲೆ ತೊಳದು ಅನ್ನಾ ಮಾಡ್ತೀನಿ, ಹೊಸಾ ಅಕ್ಕಿ ಹಾಕ್ತೀನಿ. ಒಪ್ಪಿದ್ರ ಮಾಡು.”

ಶಬಾನಾ ನಕ್ಕು ಒಪ್ಪಿದಳು. ಇಂದಿನ ಗುಂಡಿಯ ಜಾತಕ ಬರೆದದ್ದು ಆ ಗಳಿಗೆಯಲ್ಲಿ. ಏಕೆಂದರೆ ಹುಡುಕುವ ಸಾಮಾನೆಂದು ಸುಮಾ ತಂದುಕೊಟ್ಟದ್ದು ಒಂದು ಹುಣಸೆಬೀಜ, ಒಂದು ಕವಡೆ, ಒಂದು ಬೀಗದ ಕೈ, ಮತ್ತೆ ನನ್ನ ಬಿಳಿ ಅಂಗಿಯಿಂದ ಕತ್ತರಿಸಿದ ಆರು ಗುಂಡಿ.

ಹೊರಡುವಾಗ ಶಬಾನಾ ಇನ್ನೊಂದು ಅಪ್ಪಣೆ ಕೊಟ್ಟಳು: “ಕಾಕಿ, ಕಾಕಾನ ಕೈಗೆ ಕೆಲಸ, ನಿಮ್ಮ ಕೈಗೆ ರಜಾ. ಅವರು ಹುಡುಕಾಗ ನೀವು ಕೈ ಕಟಗೊಂಡು ಕುಂದರಬೇಕು.” ನೀಲಮ್ಮ ಯಾವ ಮಾತನ್ನೂ ಅರ್ಧಕ್ಕೆ ಬಿಡುವವಳಲ್ಲ. ಅಂದಿನಿಂದ ಡಬರಿಯ ಎದುರು ಕೂತಾಗ ತನ್ನೆರಡು ಕೈಗಳನ್ನು ಸೆರಗಿನಲ್ಲಿ ಸುತ್ತಿ ಗಂಟು ಹಾಕಿಕೊಂಡಂತೆ ಕೂಡತೊಡಗಿದಳು. ನಾನು ತಡವರಿಸಿದರೆ ಆ ಸೆರಗಿನೊಳಗೆ ಎರಡು ಗುಬ್ಬಿಗಳು ಸಿಕ್ಕಿಕೊಂಡ ಹಾಗೆ ಒದ್ದಾಡುತ್ತಿದ್ದವು.

ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೆಯ ದಿನ ಹುಣಸೆಬೀಜ ಸಿಕ್ಕಿತು. ಐದನೆಯ ದಿನ ಕವಡೆ. ವಾರದೊಳಗೆ ನಾನು ಕಣ್ಣು ಮುಚ್ಚಿ ಕೈ ಇಳಿಸುವುದೇ ತಡ, ಒಂದರ ಹಿಂದೊಂದು ಸಾಮಾನು ಹೊರಬರತೊಡಗಿದವು. ನೀಲಮ್ಮ “ಬಂತ್ರಿ! ಬಂತ್ರಿ!” ಎನ್ನುವಳು. ನನ್ನ ಎದೆ ಉಬ್ಬಿತು. ವೈದ್ಯಶಾಸ್ತ್ರ ತಿಂಗಳುಗಟ್ಟಲೆ ಬೇಕೆಂದು ಹೇಳಿದ್ದನ್ನು ನಾನು ಏಳು ದಿನದಲ್ಲಿ ಮುಗಿಸಿದ್ದೆ. ಎಂಟನೆಯ ದಿನ ಟಿಚ್‌ಬಟನ್ನಿನ ಅಂಗಿ ತೊಟ್ಟು ಗಂಜಿಗೆ ಹೊರಟೆ.

ಅಲ್ಲಿ ಸಿಕ್ಕ ಸ್ವಾಗತವನ್ನು ಏನು ಹೇಳಲಿ! ಹಮಾಲರು ಚೀಲ ಇಳಿಸಿ ಕೈಮುಗಿದರು. ಗೊರೇಬಾಳದ ಹುಸೇನಸಾಬನೂ ಅಲ್ಲಿದ್ದ. ಅವನು ನನ್ನ ನಲವತ್ತು ವರ್ಷದ ಗೆಳೆಯ, ನಲವತ್ತು ವರ್ಷವೂ ಜಗಳಗಂಟ. ತನ್ನ ಭತ್ತದ ಬಗ್ಗೆ ನಾನು ಹೇಳಿದ್ದನ್ನು ಒಮ್ಮೆಯೂ ಒಪ್ಪಿದವನಲ್ಲ. ಮುಕ್ಕುಂದದ ರೈತನೊಬ್ಬನ ಭತ್ತ ಬಂದಿತ್ತು. ನಾನು ಚೀಲಕ್ಕೆ ಬಲಗೈ ಇಳಿಸಿದೆ, ಕಣ್ಣು ಮುಚ್ಚಿದೆ, ಹಿಡಿ ತಂದು ತಿಕ್ಕಿದೆ, ಹಳೆಯ ಮೌನವನ್ನು ಆಚರಿಸಿದೆ. ನಿಜ ಹೇಳುತ್ತೇನೆ, ಅಂಗೈಗೆ ಏನೂ ತಿಳಿಯಲಿಲ್ಲ. ಆದರೆ ನಾಲ್ಕು ದಿನದ ಜಯಭೇರಿ ಕಿವಿಯಲ್ಲಿ ಮೊಳಗುತ್ತಿತ್ತು.

“ಬಂಗಾರದಂಗ ಒಣಗೇತಿ,” ಎಂದೆ.

ವೀರೇಶ ಮೀಟರನ್ನು ಕೈಗೆತ್ತಿಕೊಂಡಿದ್ದವನು ಮತ್ತೆ ಕಪಾಟಿನಲ್ಲಿಟ್ಟ. “ಆತಪ್ಪ, ತಗೊಳ್ಳೂಣು,” ಎಂದ. ಹಮಾಲರು ನೆಲ ನೋಡಿದರು. ನಾನು ಹುಸೇನನ ಕಡೆ ತಿರುಗಿದೆ. “ಹೌದ್ರಿ,” ಎಂದ ಅವನು, “ನೀವು ಹೇಳಿದ ಮ್ಯಾಲೆ ಮುಗೀತ್ರಿ.”

ಹೌದ್ರಿ! ನಲವತ್ತು ವರ್ಷ ‘ಲೇ ಶರಣ್ಯಾ’ ಎಂದವನು ನನ್ನನ್ನು ‘ರೀ’ ಎಂದ. ಮಸ್ಕಿಯಲ್ಲಿ ಗ್ಲಾಸು ಬಿದ್ದಾಗ ಆಗದ ಭಯ ಆಗ ಆಯಿತು.

ಆಟೋ ಹತ್ತಿ ಅರ್ಧ ದಾರಿ ಬಂದವನು, ಕೋಲು ಮರೆತದ್ದು ನೆನಪಾಗಿ ಮರಳಿ ಗಂಜಿಗೆ ಹೋದೆ. ಮುಕ್ಕುಂದದ ಆ ಭತ್ತವನ್ನಷ್ಟೂ ಅಂಗಡಿಯ ಮುಂದಿನ ಬಯಲಿನಲ್ಲಿ ಹರವಿದ್ದರು. ಹಮಾಲರು ಕಾಲಿನಿಂದ ಸಾಲು ಎಳೆದು ಬಿಸಿಲಿಗೆ ತಿರುವುತ್ತಿದ್ದರು. ಬಂಗಾರವನ್ನು ಯಾರೂ ಒಣಹಾಕುವುದಿಲ್ಲ. ವೀರೇಶ ನನ್ನನ್ನು ಕಂಡು, “ಸುಮ್ಮ ಗಾಳಿಗೆ ಹಾಕೇವಪ್ಪ,” ಎಂದ. ಹಸಿ ಭತ್ತವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜಡ್ಡಾದ ಹಿರಿಯನ ಮಾತು ಸುಳ್ಳಾಗಬಾರದೆಂದು ಇಡೀ ಗಂಜು ಹಸಿಯನ್ನು ಒಣಗಿದ್ದೆಂದು ಒಪ್ಪಿಕೊಂಡಿತ್ತು. ಇಂಥ ಗೌರವ ನನ್ನ ಶತ್ರುವಿಗೂ ಬೇಡ. ನಾನು ಕೋಲು ತೆಗೆದುಕೊಂಡು ಬಂದೆ. ಮನೆಯಲ್ಲಿ ಡಬರಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದೆ. ಎರಡು ವಾರ ಅದನ್ನು ಮುಟ್ಟಲಿಲ್ಲ. ಶಬಾನಾ ಬಂದು ಎಷ್ಟು ಹೇಳಿದರೂ, “ನನ್ನ ಕೈ ತೀರಿಕೊಂಡೈತವ್ವ, ಅದಕ್ಕ ವ್ಯಾಯಾಮ ಯಾಕ?” ಎಂದೆ.

ಸುದ್ದಿ ಲಿಂಗಸುಗೂರು ತಲುಪಿತು. ಗೌರಕ್ಕ ಮರುದಿನದ ಮೊದಲ ಬಸ್ಸಿಗೇ ಇಳಿದಳು. ಎಪ್ಪತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಚೀಲ. ನನ್ನ ಆರೋಗ್ಯವನ್ನೇನೂ ವಿಚಾರಿಸಲಿಲ್ಲ.

“ಎಲ್ಲೈತಿ ಡಬರಿ?”

ಮಂಚದ ಕೆಳಗಿನಿಂದ ಎಳೆಸಿದಳು. “ಹೆಂಗ ಇಡ್ತಿದ್ದಿ ಇಟ್ಟು ತೋರಿಸು,” ಎಂದು ನೀಲಮ್ಮನಿಗೆ ಹೇಳಿದಳು. ನೀಲಮ್ಮ ಹಿಂದೆಮುಂದೆ ನೋಡುತ್ತ ಹುಣಸೆಬೀಜ ಇಟ್ಟಳು, ಕವಡೆ ಇಟ್ಟಳು, ಗುಂಡಿ ಇಟ್ಟಳು. ಎಲ್ಲವೂ ಬಲಗಡೆಯ ಅಂಚಿಗೆ, ಒಂದರ ಪಕ್ಕ ಒಂದು, ಮೇಲೆ ನಾಲ್ಕು ಕಾಳು ಉದುರಿಸಿದಂತೆ. ಕವಡೆಯ ಬೆನ್ನು ಹೊರಗೇ ಕಾಣುತ್ತಿತ್ತು.

ಗೌರಕ್ಕ ಗದ್ದಕ್ಕೆ ಕೈ ಹಚ್ಚಿದಳು. “ಇದೇನ ನೀಲಾ, ದೇವರಿಗೆ ನೈವೇದ್ಯ ಇಟ್ಟಂಗ ಮ್ಯಾಲೆ ಇಟ್ಟೀಯಲ್ಲ! ಕುರುಡು ಕೋಳಿನೂ ಹೆಕ್ಕತೈತಿ ಇದನ್ನ!”

ನೀಲಮ್ಮನ ಕಣ್ಣು ತುಂಬಿದವು. “ಮೂರು ದಿನ ತಳದಾಗ ಇಟ್ಟಿದ್ನ್ರಿ ಅಕ್ಕಾರ. ಸಿಗದಿದ್ದಾಗ ಅವರ ಮುಖ ನೋಡಾಕ ಆಗಲಿಲ್ಲ. ಒಂದು ಸಲ ನಗಲಿ ಅಂತ ಮ್ಯಾಲೆ ತಂದೆ. ನಕ್ಕರು. ಆಮ್ಯಾಲೆ ಕೆಳಗ ಇಡಾಕ ಕೈನ ಬರಲಿಲ್ರಿ.”

ನನಗೆ ಸಿಟ್ಟು ಬರಬೇಕಾಗಿತ್ತು. ಹೆಂಡತಿಯ ಕೈ ಸೆರಗಿನಲ್ಲಿ ಕಟ್ಟಿದ್ದರೂ ಕೆಲಸವನ್ನು ಮೊದಲೇ ಮುಗಿಸಿಟ್ಟಿತ್ತು. ಆದರೆ ನನ್ನ ನಗುವಿಗಾಗಿ ಒಬ್ಬಳು ನಾಲ್ಕು ದಿನ ಕಳ್ಳತನ ಮಾಡಿದ್ದಾಳೆಂದರೆ ಯಾವ ಮುಖದಿಂದ ಬೈಯುವುದು? ಬೈಯುವ ಕೆಲಸವನ್ನು ಅಕ್ಕ ವಹಿಸಿಕೊಂಡಳು; ಅದೂ ನನ್ನನ್ನು.

“ನಮ್ಮವ್ವ ಬೆಲ್ಲ ಮ್ಯಾಲಿಟ್ಟಿದ್ರ ನೀ ಹುಡುಕೂದು ಕಲೀತಿದ್ದೇನಲೇ? ಇವತ್ತಿಂದ ನಾ ಇಡ್ತೀನಿ, ತಳದಾಗ. ಆರೂ ಗುಂಡಿ ನೀನ ತಗದು ಕೊಡಬೇಕು. ಕೊಟ್ಟಮ್ಯಾಲೆ ನೀಲಾ ಅವನ್ನ ಬಿಳಿ ಅಂಗಿಗೆ ಹಚ್ಚಲಿ. ಅಲ್ಲೀತನಕಾ ಟಿಚ್ ಟಿಚ್ ಅನಸ್ಕೋತ ಕೂಡು.”

“ಸಿಗಲಿಲ್ಲ ಅಂದ್ರ?”

“ಸಿಗಲಿಲ್ಲ ಅಂದ್ರ ಸಿಗಲಿಲ್ಲ. ಬೆಲ್ಲ ಸಿಗದ ದಿನ ಸತ್ತಿದ್ದೇನು?”

ಓದುಗರೇ, ವೈದ್ಯಕೀಯ ಚಿಕಿತ್ಸೆಗಳಲ್ಲಿ ಬೈಗುಳಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ. ಶಬಾನಾ ಮುಂದಿನ ಸಲ ಬಂದಾಗ ಗೌರಕ್ಕನ ಪದ್ಧತಿಯನ್ನು ನೋಡಿ, “ದಾದಿಮಾ, ನಿಮ್ಮನ್ನ ನನ್ನ ಕೂಡ ಕೆಲಸಕ್ಕ ತಗೋತೀನ್ರಿ,” ಎಂದಳು. ಅಕ್ಕ ಎರಡು ತಿಂಗಳು ಸಿಂಧನೂರಿನಲ್ಲೇ ಉಳಿದಳು. ದಿನಾ ಎರಡು ಹೊತ್ತು ಕುಸ್ತಿ. ಅವಳೂ ಕಣ್ಣಿಗೆ ಟವೆಲ್ಲು ಕಟ್ಟಿಕೊಂಡು ಎಡಗೈಯಿಂದ ಹುಡುಕುವಳು, ನಾನು ಬಲಗೈಯಿಂದ. ಅವಳಿಗೆ ಥಟ್ಟನೆ ಸಿಗುವುದು. ನನಗೆ ಅಕ್ಕಿ. “ಬೆಲ್ಲ ತಿಂದೆ ನೋಡ!” ಎಂದು ಬೊಚ್ಚು ಬಾಯಿಯಲ್ಲಿ ನಗುವಳು. ನನಗೆ ಏಳು ವರ್ಷದವನ ಹೊಟ್ಟೆಕಿಚ್ಚು ಹುಟ್ಟುವುದು. ರೋಗಿಗೆ ಬೇಕಾದದ್ದು ಶಾಂತಿ ಎನ್ನುತ್ತಾರೆ. ನನ್ನ ಅನುಭವದಲ್ಲಿ ಹೊಟ್ಟೆಕಿಚ್ಚು ಅದಕ್ಕಿಂತ ಪುಷ್ಟಿಕರ.

ಸೋತ ದಿನ ಸೋತಿ ಎಂದೇ ಅಕ್ಕ ಹೇಳುತ್ತಿದ್ದಳು. ಆಮೇಲಾಮೇಲೆ ನೀಲಮ್ಮನೂ ಹೇಳತೊಡಗಿದಳು, ಮೊದಮೊದಲು ಪಿಸುದನಿಯಲ್ಲಿ: “ಅದು ಕವಡಿ ಅಲ್ರಿ, ಬೀಜ.” ಆಗ ಸೆರಗಿನೊಳಗಿನ ಗುಬ್ಬಿಗಳು ಎಷ್ಟು ಒದ್ದಾಡುತ್ತಿದ್ದವು ಎಂಬುದನ್ನು ನಾನೊಬ್ಬನೇ ಕಂಡಿದ್ದೇನೆ. ನನ್ನ ಕೈ ಅಲುಗಲು ಕಲಿಯುತ್ತಿತ್ತು, ಅವಳದು ಅಲುಗದಿರಲು. ಯಾರದು ಹೆಚ್ಚು ಕಷ್ಟದ ಪಾಠವೆಂದು ಇನ್ನೂ ತೀರ್ಮಾನವಾಗಿಲ್ಲ.

ಮೂರನೆಯ ವಾರ ಒಂದು ಬೆಳಗ್ಗೆ ಬೆರಳಿನ ತುದಿಗೆ ಏನೋ ನಯವಾದದ್ದು ತಾಗಿ ಜಾರಿತು. ತಾಗಿದ್ದು ತಿಳಿಯಿತು! ಅಕ್ಕಿ ಒರಟು, ಅದು ನಯ. ತಳದವರೆಗೆ ಅಟ್ಟಿಸಿಕೊಂಡು ಹೋದೆ. “ಹುಣಸೆಬೀಜ,” ಎಂದೆ. ಕಣ್ಣು ಬಿಟ್ಟರೆ ಅಂಗೈಯಲ್ಲಿ ಹುಣಸೆಬೀಜ. ಗೌರಕ್ಕ ನನ್ನ ತಲೆಗೊಂದು ಮೊಟಕಿ, “ಈಗ ಬೆಲ್ಲ ತಿನ್ನು,” ಎಂದು ಸೊಂಟದಿಂದ ನಿಜವಾಗಿಯೂ ಒಂದು ಬೆಲ್ಲದ ಚೂರು ತೆಗೆದು ಬಾಯಿಗಿಟ್ಟಳು. ಎಷ್ಟು ದಿನದಿಂದ ಕಟ್ಟಿಕೊಂಡು ತಿರುಗುತ್ತಿದ್ದಳೋ, ಅದರಲ್ಲಿ ಅಡಿಕೆಯ ವಾಸನೆ ಹತ್ತಿತ್ತು. ಅಷ್ಟು ರುಚಿಯ ಬೆಲ್ಲ ನಾನು ತಿಂದಿಲ್ಲ.

ಆಮೇಲೆ ಗುಂಡಿಗಳು. ಒಂದು, ಎರಡು, ಒಂದು ವಾರದ ಬಿಡುವು, ಮೂರು. ಐದರವರೆಗೆ ಬಂದೆ. ಆರನೆಯದು ಸಿಗಲಿಲ್ಲ. ಕೊನೆಗೆ ಡಬರಿಯನ್ನೇ ಬೋರಲು ಹಾಕಿ ಜರಡಿ ಹಿಡಿದರೂ ಇಲ್ಲ. ಗೌರಕ್ಕನೇ ಕದ್ದಿದ್ದಾಳೆಂದು ನಾನು ಬಹಿರಂಗವಾಗಿ ಆರೋಪಿಸಿದೆ. ಪೂರ್ವಚರಿತ್ರೆ ಅವಳಿಗೆ ಅನುಕೂಲವಾಗಿರಲಿಲ್ಲ. ಸುಮಾ ಪೇಟೆಯಿಂದ ಅಂಥದೇ ಗುಂಡಿ ತಂದುಕೊಡುತ್ತೇನೆಂದಳು. “ಹುಡುಕಿದ್ದ ಹಚ್ಚಬೇಕು, ತಂದಿದ್ದಲ್ಲ,” ಎಂದು ಅಕ್ಕ ಫರ್ಮಾನು ಹೊರಡಿಸಿ ಲಿಂಗಸುಗೂರಿಗೆ ಹೋದಳು. ಬಿಳಿ ಅಂಗಿ ಗುಂಡಿಯಿಲ್ಲದೆ ಮೊಳೆಗೆ ತೂಗುಬಿದ್ದಿತ್ತು.

ಇಷ್ಟರಲ್ಲಿ ಹೊಸ ಭತ್ತ ಬಂತು. ಮೊನ್ನೆ ಸೋಮವಾರ ನಾನು ಕೋಲೂರಿಕೊಂಡು ಗಂಜಿಗೆ ಹೋದೆ, ಸುಮ್ಮನೆ ಕೂತು ಬರಲು. ಹುಸೇನಸಾಬ ಟ್ರ್ಯಾಕ್ಟರಿನಲ್ಲಿ ಮಾಲು ತಂದಿದ್ದ. ನನ್ನನ್ನು ಕಂಡು, “ಬರ್ರಿ ಬರ್ರಿ, ಆರಾಮ ಇದ್ದೀರೇನ್ರಿ?” ಎಂದ. ಆ ‘ರೀ’ ಮತ್ತೆ ಚುಚ್ಚಿತು. ಸುಮ್ಮನೆ ಕೂಡಬೇಕೆಂದು ಬಂದವನು ಎದ್ದೆ. ಚೀಲದ ಬಾಯಿ ಬಿಚ್ಚಿಸಿದೆ. ಹಮಾಲರು ಮತ್ತೆ ನೆಲ ನೋಡತೊಡಗಿದರು. ವೀರೇಶನ ಮುಖ ಸಣ್ಣದಾಯಿತು.

ಕೈ ಇಳಿಸಿದೆ. ಮೊಣಕೈವರೆಗೆ. ಕಣ್ಣು ಮುಚ್ಚಿದೆ. ಈ ಸಲದ ಮೌನ ಗಾಂಭೀರ್ಯಕ್ಕಲ್ಲ, ಹುಡುಕಾಟಕ್ಕೆ. ಮೇಲಿನ ಕಾಳು ಬಿಸಿಲು ಕುಡಿದು ಬೆಚ್ಚಗಿತ್ತು, ಗರಿಗರಿಯಾಗಿತ್ತು. ಒಂದು ಗೇಣು ಕೆಳಗೆ ಬೆರಳಿಗೆ ಬೇರೊಂದು ತಂಪು ಹತ್ತಿತು. ಹಿಡಿದರೆ ಕಾಳು ಬೆರಳಸಂದಿನಿಂದ ಸರ್ರನೆ ಉದುರಲಿಲ್ಲ. ನೆಂಟನ ಹಾಗೆ ಹೋಗಲೊಲ್ಲೆ ಎಂದು ಅಂಗೈಗೆ ಅಂಟಿ ನಿಂತಿತು.

“ಮ್ಯಾಲೆ ಒಣಗೇತಿ, ಒಳಗ ಹಸಿ ಐತಿ,” ಎಂದೆ. “ಎರಡು ಬಿಸಿಲು ಬೇಕು.”

ಹುಸೇನನ ಮುಖದಲ್ಲಿ ಇಬ್ಬರು ಮನುಷ್ಯರು ಬಡಿದಾಡಿದರು. ಒಬ್ಬ ಜಡ್ಡಾದ ಗೆಳೆಯನನ್ನು ಗೌರವಿಸುವವನು, ಇನ್ನೊಬ್ಬ ಗೊರೇಬಾಳದ ಭತ್ತದ ಧಣಿ. ಧಣಿ ಗೆದ್ದ.

“ಏನಂದಿ? ನನ್ನ ಭತ್ತ ಹಸಿ? ನನ್ನ ಭತ್ತ? ಮೂರು ದಿನಾ ರೋಡಿನ ಮ್ಯಾಲೆ ಹಾಕಿ ಕಾದೀನಲೇ ಶರಣ್ಯಾ!”

“ಮ್ಯಾಲಿಂದು ಕಾದಿ, ತಳದ್ದು ತಿರುವಿಲ್ಲ.”

“ನಿನ್ನ ಕೈಗೆ ಏನ್ ತಿಳೀತೈತಿ ಬಿಡು! ಆವತ್ತು ಮುಕ್ಕುಂದದ ಹಸಿ ಭತ್ತಕ್ಕ ಬಂಗಾರ ಅಂದಾಂವ ನೀನ!”

ವೀರೇಶ “ಚಾಚಾ, ಹೋಗ್ಲಿ ಬಿಡ್ರಿ” ಎಂದು ನಡುವೆ ಬಂದ. ನಾನು ಅವನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿದೆ. ಇಂಥ ಸುಖದ ಗಳಿಗೆಯಲ್ಲಿ ಅಡ್ಡ ಬರುವ ಮಕ್ಕಳಿರಬಾರದು.

“ಆವತ್ತು ತಪ್ಪಿದೆ,” ಎಂದೆ. “ಇವತ್ತು ಮೀಟರ್ ಹಚ್ಚು. ಕೆಳಗಿನ ಕಾಳು ತಗದು ಹಚ್ಚು.”

ಹಚ್ಚಿದರು. ಮೀಟರು ಬಹಳ ದಿನಗಳ ನಂತರ ನನ್ನ ಪಕ್ಷ ವಹಿಸಿತು. ಹುಸೇನ ಮೀಟರನ್ನು ನೋಡಿದ, ನನ್ನನ್ನು ನೋಡಿದ, ತಲೆಯ ಟೋಪಿ ತೆಗೆದು ನೆಲಕ್ಕೆ ಒಗೆದ.

“ಥೂ ನಿನ್ನ! ಲಕ್ವಾ ಹೊಡದಾಗ ಇದ್ದಂಗ ಇದ್ದಿದ್ರ ಚಲೋ ಇತ್ತಲ್ಲಲೇ ನಿನ್ನ ಕೈ!”

ಹೇಳಿದ್ದು ತನಗೇ ಕೇಳಿಸಿ ಹುಸೇನ ಬಾಯಿ ಮುಚ್ಚಿಕೊಂಡ. ನಾನು ನಗತೊಡಗಿದೆ. ನಕ್ಕು ನಕ್ಕು ಚೀಲದ ಮೇಲೆ ಕೂತೆ. ಹಮಾಲರು ನಕ್ಕರು. ಹುಸೇನನೂ ನಕ್ಕ, ಆಮೇಲೆ ಅದೇ ಟೋಪಿಯಿಂದ ಕಣ್ಣು ಒರೆಸಿಕೊಂಡ. ಜಡ್ಡು ಬಿದ್ದ ಮೇಲೆ ನನಗೆ ಹಾರ ಹಾಕಿದವರಿದ್ದಾರೆ, ಹಣ್ಣು ತಂದವರಿದ್ದಾರೆ. ಇಂಥ ಸನ್ಮಾನ ಯಾರೂ ಮಾಡಿರಲಿಲ್ಲ. ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ: “ಹುಸೇನ್ಯಾ ಇವತ್ತು ನನ್ನ ಬೈದ!” ಅವಳು ಕೂಡಲೇ ಸಿಹಿ ಸಜ್ಜಕ ಮಾಡಲು ಒಲೆ ಹಚ್ಚಿದಳು.

ಇನ್ನು ಇಂದಿನ ಗುಂಡಿ. ವಾರ ತುಂಬಿದ ಡಬರಿಯ ಅಕ್ಕಿಯನ್ನು ಮನೆಯ ಅಕ್ಕಿಯ ಪೀಪಾಯಿಗೆ ಸುರಿಯುವಾಗ ಯಾವಾಗಲೋ ಜಾರಿಹೋಗಿರಬೇಕು. ಅಲ್ಲಿಂದ ಕುಕ್ಕರು, ಕುಕ್ಕರಿನಿಂದ ತಾಟು. ಮೊದಲು ಒಂದು ಮಾತು ಹೇಳದೆ ಬಿಟ್ಟಿದ್ದೆ. ಅದನ್ನು ಕಂಡದ್ದು ನನ್ನ ಕಣ್ಣಲ್ಲ, ಕಡಿದದ್ದು ಹಲ್ಲೂ ಅಲ್ಲ. ನಾನು ವೀರೇಶನ ಜೊತೆ ಫೋನಿನಲ್ಲಿ ಮಾತಾಡುತ್ತ, ಬೇರೆಲ್ಲೋ ನೋಡುತ್ತ, ಬಲಗೈಯಿಂದ ಅನ್ನಸಾರು ಕಲೆಸುತ್ತಿದ್ದೆ. ಹೆಬ್ಬೆರಳಿಗೆ ದುಂಡನೆಯ ಅಂಚು ಹತ್ತಿತು. ತಿರುಗಿಸಿದೆ. ನಡುವೆ ಕುಳಿ, ಕುಳಿಯಲ್ಲಿ ತೂತು. ಒಂದು, ಎರಡು, ಮೂರು, ನಾಲ್ಕು. ತಾಟಿನ ಕಡೆ ನೋಡುವ ಮೊದಲೇ ಅದು ಯಾರೆಂದು ಗೊತ್ತಾಗಿತ್ತು.

ಊಟವಾದ ಮೇಲೆ ನೀಲಮ್ಮ ಸೂಜಿದಾರ ತಂದಳು. ಟಿಚ್‌ಬಟನ್ ಬಿಚ್ಚಿ ಆರೂ ಗುಂಡಿ ಹಚ್ಚಿದಳು. ನಾನು ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತೆ, ಅವಳು ಎದುರು ನೆಲದ ಮೇಲೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಕೆಳಗಿನಿಂದ ಶುರುಮಾಡಿದೆ. ಮೊದಲನೆಯದು ನಾಲ್ಕು ಸಲ ಜಾರಿ ಐದನೆಯ ಸಲ ಒಳಹೊಕ್ಕಿತು. ಮೂರನೆಯದರ ಹೊತ್ತಿಗೆ ಬೆವರು ಬಂತು. ಗೋಡೆಯ ಮೇಲಿನ ಗಡಿಯಾರದ ದೊಡ್ಡ ಮುಳ್ಳು ಕೆಳಗಿಳಿದು ಮತ್ತೆ ಏರತೊಡಗಿತ್ತು. ಸೆರಗು ಅಲುಗಾಡುತ್ತಿತ್ತು.

“ಒಂದ ಒಂದು ಹಾಕ್ಲೇನ್ರಿ?”

“ಅಕ್ಕಗ ಫೋನ್ ಹಚ್ಚಲೇನು?”

ಸೆರಗು ಸುಮ್ಮನಾಯಿತು. ನಾಲ್ಕು. ಐದು. ಕಡೆಗೆ ಕೊರಳ ಹತ್ತಿರ ಆರನೆಯ ಗುಂಡಿ, ಬೆಂದು ಬಂದ ಮಹಾಪುರುಷ. ಅದನ್ನು ಬೆರಳಲ್ಲಿ ಹಿಡಿದು ಅಂಗಿಯ ಅಂಚಿನಲ್ಲಿ ಅದರ ತೂತು ಹುಡುಕಿದೆ. ಹುಡುಕಿದೆ. ತೂತೇ ಇಲ್ಲ!

ನೀಲಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಹೋದ ವರ್ಷವಾಗಿದ್ದರೆ “ಭಾಳ ಚಲೋ ಹಾಕೀರ್ರಿ” ಎಂದು ಹೇಳಿ, ನಾನು ನಿದ್ದೆ ಹೋದ ಮೇಲೆ ಸರಿಮಾಡುತ್ತಿದ್ದಳು.

“ಕೆಳಗ ಒಂದು ತೂತು ಬಿಟ್ಟು ಹಾಕೀರಿ,” ಎಂದಳು. “ಎಲ್ಲಾ ತಪ್ಪೇತಿ. ಮೊದಲಿಂದ ಹಾಕ್ರಿ.”

ಹೇಳಿ, ಸೆರಗಿನಿಂದ ಕೈ ಬಿಡಿಸಿಕೊಂಡು, ಚಹಾ ಇಡಲು ಒಳಗೆ ಹೊರಟುಹೋದಳು. ತಿರುಗಿಯೂ ನೋಡಲಿಲ್ಲ. ನಾನು ಕೆಳಗಿನ ಗುಂಡಿಯನ್ನು ಬಿಚ್ಚತೊಡಗಿದೆ.